ಬಯ್ಯುವ ಬಿಲ್ಡ್

ಸಂಜೆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತ ನನಗೆ ನನ್ನ ಮೇಲೆ ನಂಬಿಕೆ ಕಡಿಮೆ. ಅದಕ್ಕೇ, ಬರೆದ ಸಾಫ್ಟ್‌ವೇರನ್ನು ನಾನೇ ಪರೀಕ್ಷಿಸಲೆಂದು ಮಾಡಿಕೊಳ್ಳುವ ಡೀಬಗ್ ಬಿಲ್ಡಿನಲ್ಲಿ, ಅಂದರೆ ತಪ್ಪು ಹುಡುಕುವ ಪ್ರತಿಯಲ್ಲಿ, ನಾನು ತಪ್ಪಿದಾಗಲೆಲ್ಲ ಪರದೆಯೇ ನನ್ನನ್ನು ಬಯ್ಯುವಂತೆ ಬರೆದುಕೊಂಡಿದ್ದೆ. ಗಿರಾಕಿಗೆ ಕಳಿಸುವ ರಿಲೀಸ್ ಬಿಲ್ಡಿನಲ್ಲಿ ಅದೇ ಜಾಗದಲ್ಲಿ ‘ದಯವಿಟ್ಟು ಸರಿಪಡಿಸಿ’ ಎಂದು ಬರುತ್ತದೆ. ಎರಡಕ್ಕೂ ಟೈಪ್ ಮಾಡುವ ಕಮಾಂಡ್ ಒಂದೇ. ಕೊನೆಯ ಪದ ಮಾತ್ರ ಬೇರೆ: ಡೀಬಗ್ ಅಥವಾ ರಿಲೀಸ್. ಆ ಪದದ ಸ್ಪೆಲ್ಲಿಂಗನ್ನು ಮತ್ತೆ ಮತ್ತೆ ನೋಡಿ, ಎಂಟರ್ ಒತ್ತಿ, ಬುಕಿಂಗ್ ಸಾಫ್ಟ್‌ವೇರ್ ಕೇಳಿದ್ದ ಕಲ್ಯಾಣ ಮಂಟಪದ ಯಜಮಾನರಿಗೆ ಕಳಿಸಿದೆ. ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು. ಪದವೇ ತಪ್ಪಾಗಿತ್ತು.

ಮರುದಿನ ಯಜಮಾನರ ಫೋನ್ ಬಂತು. ನಮ್ಮ ಕಂಪನಿಯ ಮೇಡಂ ಸ್ಪೀಕರ್ ಹಾಕಿದರು.

“ಏನ್ರೀ ಇದು? ಬುಕಿಂಗಲ್ಲಿ ತಾರೀಖು ಹಾಕ್ದೆ ಒತ್ತಿದ್ರೆ ‘ಲೋ ಕೋಣ, ಕಣ್ಣೆಲ್ಲಿಟ್ಟಿದ್ದೀಯ?’ ಅಂತ ಬರ್ತಿದೆ! ಯಾರ್ರೀ ಬರ್ದೋರು?”

ಮೇಡಂ ನನ್ನತ್ತ ನೋಡಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ನಾನೇ ಸಾರ್. ಅದು ನನಗೆ ನಾನೇ ಬೈಕೊಂಡಿದ್ದು. ತಪ್ಪಾಯ್ತು ಸಾರ್, ಈಗ್ಲೇ ಇನ್ನೊಂದು ಕಳಿಸ್ತೀನಿ. ಅದು ಎಲ್ಲಾನೂ ಮರ್ಯಾದೆಯಾಗೇ ಹೇಳುತ್ತೆ.”

“ಅಯ್ಯೋ, ಮುಟ್ಬೇಡಪ್ಪಾ!” ಯಜಮಾನರು ದನಿ ತಗ್ಗಿಸಿದರು. “ಒಂದೇ ಮುಹೂರ್ತಕ್ಕೆ ಎರಡೆರಡು ಮದುವೆ ಬರ್ಕೊಳ್ಳೋರು ಇವತ್ತು ಬೆಳಿಗ್ಗೆಯಿಂದ ನೆಟ್ಟಗೆ ಕೆಲಸ ಮಾಡ್ತಿದ್ದಾರೆ. ಅಳಿಯಂದ್ರಿಗೆ ನಾನು ಬಯ್ಯೋಕಾಗುತ್ತಾ?”