ಕೂಗದೆ ಬಿಟ್ಟ ಹೆಸರು

"ಆ ದೃಶ್ಯ ಒಂದು ಬಿಟ್ಟುಬಿಡಿ ಸಾರ್," ಶ್ರೀಧರ ಮತ್ತೆ ಗೋಗರೆದ.

ನಿರ್ದೇಶಕ ಪ್ರಕಾಶ ನಕ್ಕುಬಿಟ್ಟ. "ನಿಮ್ಮ ಕಾದಂಬರಿಯ ಜೀವವೇ ಅದು. ಅದನ್ನೇ ಬಿಟ್ಟರೆ ನಿಮ್ಮೂರು ಕಾಗಾಲಕ್ಕೆ ಕ್ಯಾಮೆರಾ ಹೊತ್ತು ಬಂದದ್ದು ಯಾಕೆ?"

ಬರೆಯುವಾಗ ಶ್ರೀಧರನಿಗೂ ಹಾಗೇ ಅನ್ನಿಸಿತ್ತು. ಹುಟ್ಟಿದ ಕೇರಿಯ ಹಂಚಿನ ಕಾರ್ಖಾನೆಯವರು, ರಿಕ್ಷಾದವರು, ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕುವವರು, ಎಲ್ಲರನ್ನೂ ಹೆಸರು ಬದಲಿಸಿ ಪುಸ್ತಕಕ್ಕೆ ಇಳಿಸಿದ್ದ. ಪಕ್ಕದ ಮನೆಯ ಗಂಗಿಯನ್ನೂ ಬಿಟ್ಟಿರಲಿಲ್ಲ.

ಗಂಗಿಯ ಕಥೆ ಕೇರಿಗೆಲ್ಲ ಗೊತ್ತು. ನೀರು ಇಳಿದಾಗ ಹೊಳೆನಡುವಿನ ದಿಬ್ಬಕ್ಕೆ ಚಿಪ್ಪು ಹೆಕ್ಕಲು ಹೋದವರು ನೀರು ಏರುವ ಮೊದಲು ಮರಳಬೇಕು. ಕೊನೆಯ ದೋಣಿಯವರು ಒಬ್ಬೊಬ್ಬರ ಹೆಸರು ಹಿಡಿದು ಕೂಗಿ, ಯಾರೂ ಓಗೊಡದಿದ್ದರೆ ಹೊರಡುವುದು ಪದ್ಧತಿ. ಆವತ್ತು ದಟ್ಟ ಮಂಜು. ಕೊನೆಯ ದೋಣಿಯಲ್ಲಿ ಗಂಗಿ ಒಬ್ಬಳೇ. ಎಲ್ಲರನ್ನೂ ಕೂಗಿದಳು, ಗಂಡನನ್ನು ಬಿಟ್ಟು. ಕಟ್ಟಿಕೊಂಡವನ ಹೆಸರು ಬಾಯಲ್ಲಿ ಹೇಳುವುದುಂಟೇ? ಗಂಡ ಬೊಮ್ಮಯ್ಯನ ಹೆಣ ಅಳಿವೆಯಲ್ಲಿ ಸಿಕ್ಕಿತು. ಹೊಡೆಯುವವನಾದರೂ ಗಂಡ ಗಂಡನೇ, ಪಾಪ, ಎಂದು ಕೇರಿ ಕಣ್ಣೊರೆಸಿಕೊಂಡಿತು.

ಆಗ ಭಟ್ಕಳದಲ್ಲಿ ಓದುತ್ತಿದ್ದ ಶ್ರೀಧರನಿಗೆ ಸುದ್ದಿ ತಲುಪಿದ್ದು ವಾರದ ಮೇಲೆ. ಕಾದಂಬರಿಗೆ ಅಷ್ಟು ಸಪ್ಪೆ ಸಾವು ಸಾಲಲಿಲ್ಲ. ಉಪ್ಪು ಖಾರ ಹಚ್ಚಿದ. ಗಂಡ ಎದೆಮಟ್ಟದ ನೀರಲ್ಲಿ ನಿಂತು ಹೆಂಡತಿಯನ್ನು ಕೂಗುತ್ತಾನೆ. ಅವಳು ಕೇಳಿಯೂ ಗಳ ಊರಿ ದೋಣಿ ನೂಕುತ್ತಾಳೆ. ಬಹುಮಾನವೂ ಬಂತು.

ಪುಸ್ತಕ ಓದಿದವರಾದರೂ ಎಷ್ಟು ಮಂದಿ! ಸಿನಿಮಾ ಕುಮಟೆಯ ಟಾಕೀಸಿಗೆ ಬಂದರೆ ಕೇರಿಗೆ ಕೇರಿಯೇ ನೋಡುತ್ತದೆ. ನಿರಪರಾಧಿ ಹೆಂಗಸನ್ನು ಕೊಲೆಗಾತಿ ಎನ್ನುತ್ತದೆ. ಶ್ರೀಧರನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಗಂಗಿಗೆ ಓದು ಬಾರದು. ಮಗಳು ವಿನುತಾ ಇಡೀ ಪುಸ್ತಕ ಓದಿ ಹೇಳಿದ್ದಳು. ಬಯ್ದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಅವಳೋ, ಆಮೇಲಿನಿಂದ ಬುಟ್ಟಿ ತುಂಬ ಚಿಪ್ಪು ತಂದು ಅವನ ಜಗಲಿಯಲ್ಲಿಟ್ಟು, ದುಡ್ಡು ಮುಟ್ಟದೆ, ತಲೆ ತಗ್ಗಿಸಿ ಹೋಗುತ್ತಿದ್ದಳು. ಎಂಥ ದೊಡ್ಡ ಮನಸ್ಸು! ಆ ಚಿಪ್ಪಿನ ಸಾರನ್ನು ಅವನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ.

ಚಿತ್ರೀಕರಣ ಶುರುವಾಯಿತು. ನಟ ನೀರಲ್ಲಿ ನಿಂತು ಕೂಗಿದ. ದಡದ ಗುಂಪಿನಲ್ಲಿದ್ದ ಗಂಗಿ ಕಿವಿ ಮುಚ್ಚಿಕೊಂಡು ಕುಸಿದಳು. ಶ್ರೀಧರ ಓಡಿಹೋಗಿ ಅವಳನ್ನು ಎಬ್ಬಿಸಿ, ಕವುಚಿಟ್ಟ ದೋಣಿಯ ಮರೆಗೆ ಕರೆತಂದ. ಅಲ್ಲೇ ಕಾಲು ಹಿಡಿದ.

"ತಪ್ಪಾತು ಗಂಗಕ್ಕ. ನಾ ಅದ್ನ ಬರೀಬಾರ್ದಾಗಿತ್ತು."

"ಬರ್ದದ್ದು ಆತು, ಬಿಡು," ಎಂದಳು ಗಂಗಿ. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಒಂದೇ ಹೇಳು ತಮ್ಮಾ. ಆವತ್ತು ಅಂವ ನನ್ನ ಕೂಗೂವಾಗ ನೀ ಎಲ್ಲಿ ನಿಂತ್ಕಂಡಿದ್ದೆ?"