ಗ್ರಹಣದ ಮೇಲೆ ಹೊರಿಸಿದ ತಪ್ಪು

ಮೂರನೇ ಕೂಸೂ ಹೊಟ್ಟೆಯಲ್ಲೇ ಹೋಯಿತು...

ಸೊಸೆ ಶೈಲಾ ಆಸ್ಪತ್ರೆ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಆಗಲೂ ನಾನು ಬಿಡಲಿಲ್ಲ.

"ಗ್ರಹಣದ ದಿನ ಈಳಿಗಿ ಮುಟ್ಟಬ್ಯಾಡ ಅಂದಿದ್ದೆ. ಸೌತಿಕಾಯಿ ಹೆಚ್ಚಿದಿ. ಮೂರು ಕೂಸು ತಿಂದಿ."

ಅವಳು ಗೋಡೆಯ ಕಡೆ ಮಗ್ಗುಲಾದಳು...

ಮೊದಲೆರಡು ಸಲವೂ ಒಂದೊಂದು ಕಾರಣ ಹುಡುಕಿದ್ದೆ. ಒಮ್ಮೆ ಪಪ್ಪಾಯಿ, ಒಮ್ಮೆ ಸ್ಕೂಟರ್. ಈ ಸಲ ಮಗ ಬಸವಂತನಿಗೆ ಹೇಳಿಯೇಬಿಟ್ಟಿದ್ದೆ, ಇವಳನ್ನು ತವರಿಗೆ ಕಳಿಸು, ಮತ್ತೆ ಕರೆಯಬೇಡ ಎಂದು.

ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಆಮೇಲೆ ನನ್ನದೂ ಬೇಕೆಂದರು.

"ನಂದ್ಯಾಕ್ರೀ? ಬಸುರಾದಾಕಿ ನಾನೇನು?" ಎಂದೆ. ನರ್ಸು ನಕ್ಕಳು.

ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿ ಹೇಳಿದರು. ನನಗೆ ತಿಳಿದಷ್ಟು ಬರೆಯುತ್ತೇನೆ...

ನಮ್ಮ ಒಂದೊಂದು ಜೀವಕೋಶದಲ್ಲೂ ಇಪ್ಪತ್ಮೂರು ಜೋಡಿ ಕ್ರೋಮೋಸೋಮ್. ಕೋಶ ಒಡೆದು ಎರಡಾಗುವ ಮುಂಚೆ ಪ್ರತಿಯೊಂದಕ್ಕೂ ನಕಲು ತಯಾರಾಗುತ್ತದೆ. ಆಮೇಲೆ ದಾರದಂಥ ಎಳೆಗಳು ಅವನ್ನು ಆ ಕಡೆಗೊಂದು, ಈ ಕಡೆಗೊಂದು ಎಳೆದು ಸಮನಾಗಿ ಹಂಚುತ್ತವೆ. ಅಂಡಾಣು, ವೀರ್ಯಾಣು ಆಗುವಾಗ ಜೋಡಿಗಳೂ ಬೇರೆಯಾಗಬೇಕು.

"ಕೆಲವರಿಗೆ ಹುಟ್ಟಿನಿಂದನ ಎರಡು ಕ್ರೋಮೋಸೋಮ್ ಅಂಟಿಕೊಂಡಿರ್ತಾವು. ಅವರಿಗೇನೂ ತ್ರಾಸಿಲ್ಲ. ಆದರ ಹಂಚೂ ಹೊತ್ತಿನಾಗ ಪಾಲು ತಪ್ಪತದ. ಹಂಗ ಹೆಚ್ಚುಕಡಿಮಿ ಆದ ಕೂಸು ಬಹಳ ಸಲ ಉಳಿಯೂದಿಲ್ಲ. ಇದರಾಗ ಯಾರ ತಪ್ಪೂ ಇಲ್ಲ."

"ಅಂದ್ರ, ಶೈಲಾಗ ಅದು ಐತೇನ್ರೀ?"

"ಇಲ್ಲ. ಆಕಿದು ಸರಿ ಅದ. ನಿಮ್ಮ ಮಗಗ ಅದ... ಅವಗ ಬಂದದ್ದು ನಿಮ್ಮಿಂದ, ಅವ್ವಾರ."



ಬಸವಂತನಿಗಿಂತ ಮೊದಲು ನನ್ನ ಹೊಟ್ಟೆಯಲ್ಲೂ ಎರಡು ಕೂಸು ಹೋಗಿದ್ದವು. ನಿನ್ನ ಕಾಲ್ಗುಣ ಎಂದಿದ್ದಳು ನನ್ನ ಅತ್ತೆ. ನಲವತ್ತು ವರ್ಷ ಅದನ್ನೇ ನಂಬಿದ್ದೆ.

"ನಾನ ತಿಂದೆನವ್ವಾ ನಿನ್ನ ಕೂಸು..." ಎಂದು ಅಳುತ್ತ ಶೈಲಾಳ ಕೈ ಹಿಡಿದೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನಿನ್ನಿ ತನಕ ನಾ ತಿಂದಿದ್ದೆ, ಅತ್ತಿ. ಇವತ್ತ ನೀವು ತಿಂದ್ರಿ. ಯಾರೂ ತಿಂದಿಲ್ಲಂತ ಡಾಕ್ಟರ್ ಹೇಳಾಕತ್ತಾರ. ಅದೊಂದು ನಿಮಗ ಕೇಳಸವಲ್ದು."

ಮರುದಿನ ಅವಳು ತವರಿಗೆ ಹೋದಳು. ಯಾರೂ ಕಳಿಸಲಿಲ್ಲ.

ಎಂಟು ತಿಂಗಳಾಯಿತು. ಎರಡು ಸಲ ಹೋಗಿ ಬಂದೆ. ಚಹಾ ಕೊಟ್ಟಳು, ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು... ಬರುತ್ತೇನೆ ಎನ್ನಲಿಲ್ಲ.

ಕಾರಣ ಗೊತ್ತಿಲ್ಲದ ನೋವಿನ ಎದುರು ಸುಮ್ಮನೆ ಕೂರಬಹುದು, ತಪ್ಪಿತಸ್ಥರನ್ನು ಹುಡುಕಲೇಬೇಕೆಂದಿಲ್ಲ.

ನಿಮ್ಮ ಮನೆಯಲ್ಲಿ ಯಾರ ತಲೆಯ ಮೇಲೆ ಇಂಥದೊಂದು ತಪ್ಪು ಹೊರಿಸಿಟ್ಟಿದ್ದೀರಿ?