ಹೊಳೆ ಎಂದರೆ ರಿಜೆಕ್ಟ್

“ಹೊಳಿಗೆ ಹೊಳಿ ಅಂದ್ರ ಏನ್ ತಪ್ಪಾತು?”

ಮರಿಲಿಂಗಮ್ಮ ಕೇಳಿದ್ದು ಗೋಡೆಗೆ. ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಕೈಯಲ್ಲಿದ್ದ ಫೋನು ಮಾತ್ರ ಕೆಂಪಗೆ ಮಿನುಗಿ ‘ರಿಜೆಕ್ಟ್’ ಎಂದಿತು.

ಆಗಷ್ಟೇ ಬಾಗಿಲಿಗೆ ಬಂದ ಪಕ್ಕದ ಮನೆಯ ಸೊಸೆ ಪರಿಮಳಾ ಹಣೆ ಬಡಿದುಕೊಂಡಳು. ಆ ಆ್ಯಪ್ ಹಾಕಿಕೊಟ್ಟವಳೇ ಅವಳು. ಪರದೆಯ ಮೇಲೆ ಬಂದ ಕನ್ನಡ ವಾಕ್ಯ ಓದಿ ಧ್ವನಿ ಕಳಿಸಿದರೆ ರೊಕ್ಕ. ಯಂತ್ರಕ್ಕೆ ಮಾತು ಕಲಿಸುವ ಕೆಲಸವಂತೆ. ರಂಗಂಪೇಟೆಯಲ್ಲಿ ಮರಿಲಿಂಗಮ್ಮನಂಥ ಕಂಠ ಇನ್ನೊಂದಿಲ್ಲ. ತತ್ವಪದ ಕೇಳುತ್ತಲೇ ಬೆಳೆದವಳು. ಒಮ್ಮೆ ಕಿವಿಗೆ ಬಿದ್ದ ಪದ ಮರೆತವಳಲ್ಲ. ಆ್ಯಪಿನ ಪದಗಳನ್ನೂ ಹಾಗೆಯೇ ಕಲಿತಿದ್ದಳು.

“ಪೆಂಡಿಂಗ್ ಅಂದ್ರ?” ಎಂದು ಮೊದಲ ದಿನ ಕೇಳಿದ್ದಳು.

“ನೀವು ಓದಿದ್ದನ್ನ ಅವರು ಇನ್ನಾ ಪರೀಕ್ಷಾ ಮಾಡಾಕತ್ತಾರ ದೊಡ್ಡವ್ವಾ. ರೊಕ್ಕ ಕಣ್ಣಿಗೆ ಕಾಣತೈತಿ, ಕೈಗೆ ಬರಂಗಿಲ್ಲ.”

“ಕಣದಾಗಿನ ರಾಶಿ ಅನ್ನು. ಮತ್ತ ಮಿನಿಮಮ್ ಪೇಔಟ್?”

“ಇಷ್ಟು ಅಂತ ಕೂಡೋತನಕ ಬ್ಯಾಂಕಿಗೆ ಹಾಕಂಗಿಲ್ಲ.”

“ಗುಡಿ ಹುಂಡಿ. ತುಂಬೋತನಕ ಕೀಲಿ ತಗಿಯಂಗಿಲ್ಲ. ಆ ರೆಫರಲ್ ಬೋನಸ್ ಅಂದ್ರ?”

ಪರಿಮಳಾ ತುಸು ನಾಚಿದ್ದಳು. “ಅದು ನಿಮ್ಮನ್ನ ಸೇರಿಸಿದ್ದಕ್ಕ ನನಗ ಬರೂದ್ರಿ. ನಿಮಗ ರೊಕ್ಕ ಬಂದ ಮ್ಯಾಲ.”

“ಅಯ್ಯ ನಮ್ಮವ್ವಾ! ಲಗ್ನದ ದಲಾಲಿ ಅನ್ನಲ್ಲ ಮತ್ತ!”

ಓಣಿಯ ಗಂಡಸರ ಭಜನಾ ಮಂಡಳಿ ತನ್ನ ಹಾರ್ಮೋನಿಯಂ ಪೇಟಿಯನ್ನು ಹೆಂಗಸರಿಗೆ ಮುಟ್ಟಗೊಡುತ್ತಿರಲಿಲ್ಲ. ಹೆಂಗಸರಿಗೆ ಹೆಂಗಸರದೇ ಪೇಟಿ ಬರಬೇಕು ಎಂಬುದು ಮರಿಲಿಂಗಮ್ಮನ ಹಟ. ಅದಕ್ಕಾಗಿಯೇ ಈ ಓದು. ಸುರಪುರದ ಅಂಗಡಿಯವನಿಗೆ ಹೇಳಿಯೂ ಬಂದಿದ್ದಳು.

ಈಗ ಒಂದೇ ವಾಕ್ಯ ಉಳಿದಿತ್ತು: ‘ಭೀಮಾ ನದಿ ತುಂಬಿ ಹರಿಯುತ್ತಿದೆ.’ ಅದೊಂದು ಬಾಕಿಯಿದ್ದರೂ ವಾಕ್ಯಗಳ ಕಂತು ಮುಗಿಯದು. ಇಂದು ಸಂಜೆಯೊಳಗೆ ಮುಗಿಯದಿದ್ದರೆ ಪೆಂಡಿಂಗ್ ಇದ್ದುದೆಲ್ಲ ಎಕ್ಸ್‌ಪೈರ್. ಎಕ್ಸ್‌ಪೈರ್ ಎಂದರೇನೆಂದು ಮರಿಲಿಂಗಮ್ಮ ಕೇಳಲಿಲ್ಲ. ಪರಿಮಳಾಳ ಮುಖ ನೋಡಿಯೇ ತಿಳಿದುಕೊಂಡಳು.

ಅಷ್ಟಾದರೂ ಅವಳು ಓದಿದ್ದು ‘ಹೊಳೆ ತುಂಬಿ ಹರಿಯುತ್ತಿದೆ’ ಎಂದೇ. ಅವಳ ಗಂಡನ ಹೆಸರು ಭೀಮು.

ಹೆಂಡತಿ ಗಂಡನ ಹೆಸರು ಹೇಳಬಾರದೆಂಬುದು ಆ ಓಣಿಗೆ ಹೊಸದಲ್ಲ. ಆದರೆ ಮರಿಲಿಂಗಮ್ಮನದು ಬಲು ಬಿಗಿ. ಪುರಾಣದ ಭೀಮಸೇನನೂ ಅವಳ ಬಾಯಲ್ಲಿ ‘ಗದಾ ಹಿಡಿದಾಂವ’. ಭೀಮರಾಯನಗುಡಿಗೆ ಹೋಗಬೇಕಾದರೆ ಕಂಡಕ್ಟರನಿಗೆ “ಕೆನಾಲ ಆಫೀಸಿನ ಊರಿಗೆ ಒಂದು ಕೊಡಪಾ” ಎನ್ನುವಳು. ಒಡಪಿನ ಪ್ರಾಸದ ಸಾಲಿನಲ್ಲಿ ಸೇರಿಸಿದರೆ ಗಂಡನ ಹೆಸರಿಗೆ ಅಡ್ಡಿಯಿಲ್ಲ. ಆಗ ಹೇಳುವುದೇ ಮರ್ಯಾದೆ. ಪರಿಮಳಾಳ ಚೊಚ್ಚಲ ಬಸಿರಿನ ಕುಬಸದ ದಿನ ನೆರೆದ ಹೆಂಗಸರಿಗೆಲ್ಲ ಮರಿಲಿಂಗಮ್ಮನೇ ಒಡಪು ಕಟ್ಟಿಕೊಟ್ಟಳು. ತನ್ನ ಸರದಿ ಬಂದಾಗ ಮಾತ್ರ ಚಹಾಕ್ಕಿಡಲು ಎದ್ದು ಹೋದಳು.

“ಕಲಿಗಾಲದಾಗ ಇಂಥಾಕಿ ಸಿಗಂಗಿಲ್ಲ ಬಿಡು,” ಎಂದಿದ್ದಳು ಎದುರು ಮನೆಯ ಹಂಪಮ್ಮ. “ಪುಣೆ ಗಾಳಿ ಒಗ್ಗಲಿಲ್ಲಂತ ತಾ ಒಬ್ಬಾಕಿನ ಹೊಳ್ಳಿ ಬಂದಳು. ಗಂಡ ಅಲ್ಲೇ ದುಡಿಯಾಕತ್ತಾನ. ಆತನ ಹೆಸರು ದೇವರಂಗ ಎದಿಯಾಗ ಇಟಗೊಂಡು ಕುಂತಾಳ.”

ಪರಿಮಳಾಳ ಕಣ್ಣು ತುಂಬಿತ್ತು. ಪೇಟಿ ಹೋಗಬಾರದು, ಇಂಥ ನಿಷ್ಠೆಯೂ ಮುರಿಯಬಾರದು. ತಾನೇ ಓದೋಣವೆಂದರೆ ಧ್ವನಿ ಬದಲಾದರೆ ಖಾತೆಯೇ ಬಂದ್. ಕೊನೆಗೊಂದು ಉಪಾಯ ಹೊಳೆಯಿತು. ಗಂಡನೇ ಅಪ್ಪಣೆ ಕೊಟ್ಟರೆ ಹೆಂಡತಿಗೆ ಯಾವ ಪಾಪ? ಪುಣೆಯಲ್ಲಿದ್ದ ಹಂಪಮ್ಮನ ತಮ್ಮ ಯಾರ್ಯಾರನ್ನೋ ಕೇಳಿ ನಂಬರು ಹುಡುಕಿಕೊಟ್ಟ. ಪರಿಮಳಾ ಮೊನ್ನೆಯೇ ಗುಟ್ಟಾಗಿ ಭೀಮುಗೆ ಫೋನು ಮಾಡಿದ್ದಳು. ಅವನು ಎಲ್ಲ ಕೇಳಿ, ಫೋನಿನಲ್ಲಿ ಯಾಕೆ, ತಾನೇ ಬರುತ್ತೇನೆ ಎಂದಿದ್ದ.

“ದೊಡ್ಡವ್ವಾ, ಹೊರಗ ಯಾರು ಬಂದಾರ ನೋಡ್ರಿ,” ಎಂದು ಪರಿಮಳಾ ಈಗ ಬಾಗಿಲು ಬಿಟ್ಟು ಸರಿದಳು.

ಭೀಮು ಮೀಸೆ ನೀವುತ್ತ ಒಳಬಂದ. ಹಿಂದೆಯೇ ಹಂಪಮ್ಮ, ಹಂಪಮ್ಮನ ಹಿಂದೆ ಅರ್ಧ ಓಣಿ.

ಮರಿಲಿಂಗಮ್ಮ ಸೆರಗು ಸರಿಮಾಡಿಕೊಳ್ಳಲಿಲ್ಲ. ದಾರಿ ನಡೆದು ಬಂದವನಿಗೆ ಒಂದು ತಂಬಿಗೆ ನೀರನ್ನೂ ಕೊಡಲಿಲ್ಲ. ಪಾಪ, ಸಂತೋಷಕ್ಕೆ ಕೈಕಾಲೇ ಆಡುತ್ತಿಲ್ಲ ಎಂದುಕೊಂಡು ಪರಿಮಳಾಳೇ ನೀರು ತಂದಿಟ್ಟಳು.

“ಓಣಿ ಮಂದಿಯೆಲ್ಲಾ ಹೇಳಿದ್ರು,” ಎಂದ ಭೀಮು. “ನನ್ನ ಹೆಸರಿಗೆ ಇಷ್ಟು ಬೆಲಿ ಕಟ್ಟೀದಿ ಅಂತ ಖರೇನ ಗೊತ್ತಿದ್ದಿಲ್ಲ ನನಗ. ಈಗ ನಾನ ಅಪ್ಪಣಿ ಕೊಡಾಕತ್ತೇನಿ. ಹೇಳು, ಎಲ್ಲಾರೂ ಕೇಳಲಿ. ಒಡಪು ಹಚ್ಚಿ ಹೇಳಿದ್ರೂ ಛಲೋ.”

“ಒಡಪು ಹಚ್ಚಿದ್ರ ಮತ್ತ ರಿಜೆಕ್ಟ್ ಆಗತೈತೋ ಮಾರಾಯಾ!” ಎಂದಳು ಹಂಪಮ್ಮ. ಬಾಗಿಲಲ್ಲಿ ನಗೆ ಎದ್ದಿತು.

ಪರಿಮಳಾ ಫೋನನ್ನು ಮರಿಲಿಂಗಮ್ಮನ ತುಟಿಯ ಹತ್ತಿರ ಹಿಡಿದಳು. “ಒಂದ ಸಲ, ದೊಡ್ಡವ್ವಾ. ಅವರ ಹೇಳಾಕತ್ತಾರಲ್ರಿ. ಪೇಟಿ ಬರತೈತಿ.”

ಮರಿಲಿಂಗಮ್ಮ ಫೋನು ಇಸಿದುಕೊಂಡಳು. ಪರದೆಯ ಮೇಲಿನ ವಾಕ್ಯವನ್ನು ಮತ್ತೊಮ್ಮೆ ನೋಡಿದಳು. ನಂತರ ಫೋನನ್ನು ಗೋಡೆಯ ಗೂಡಿನಲ್ಲಿ ಬೋರಲು ಹಾಕಿದಳು.

“ಪೇಟಿ ಇಲ್ದನ ಹಾಡತೀವಿ, ಪರಿಮಳಾ,” ಎಂದಳು. ಬಳಿಕ ಗಂಡನ ಕಡೆ ತಿರುಗಿದಳು.

“ಹೇಳಂಗಿಲ್ಲ. ಪುಣೆದಾಗ ನನ್ನ ಹೊರಗ ಹಾಕಿ ಆಕಿನ್ನ ಒಳಗ ಕರಕೊಂಡ್ಯಲ್ಲ, ಅವತ್ತ ಬಾಯಿ ತೊಳಕೊಂಡೀನಿ. ಉಗುಳಿದ್ದನ್ನ ಮತ್ತ ಬಾಯಾಗ ಹಾಕ್ಕೊಳ್ಳಂಗಿಲ್ಲ.”